‘ಕಾಗಜ್ ಕೆ ಫೂಲ್’ ಸೋತದ್ದೇಕೆ?

ಹಾವೇರಿಯ ಮಿತ್ರರಿಗೆ ನಮಸ್ಕಾರ. ಇಂದು ಅಷ್ಟೊಂದು ಹೊಗಳಿಸಿಕೊಳ್ಳುವ, ಗುರುದತ್ ನಿರ್ದೇಶಿಸಿ ನಟಿಸಿದ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ 1959ರಲ್ಲಿ ಏಕೆ ಸೋತಿತು, ಮೊಬೈಲಿನಲ್ಲಿ ನೋಡಿದ ನಿಮಗೆ ಅದು ಏಕೆ ಹಿಡಿಸಲಿಲ್ಲ ಎಂದು ಕೇಳಿದ್ದೀರಿ.

ನನ್ನ ದೃಷ್ಟಿಯಲ್ಲಿ ಸೋಲಿನ ಬೇರು ಕಥೆಯಲ್ಲಿಯೇ ಇದೆ. ಹೆಂಡತಿಯಿಂದ ದೂರವಾದ ನಿರ್ದೇಶಕ ಸುರೇಶ್ ಮತ್ತು ಅವನೇ ತಾರೆಯಾಗಿ ಬೆಳೆಸಿದ ಶಾಂತಿ ಪರಸ್ಪರ ಒಲಿದರೂ, ಅವನ ಮಗಳ ಮೊರೆಗೆ ಮಣಿದು ಶಾಂತಿ ಸರಿದುಹೋಗುತ್ತಾಳೆ. ಆಮೇಲಿನದೆಲ್ಲ ಅವನ ಕುಸಿತ, ಕೊನೆಗೆ ಸ್ಟುಡಿಯೋದ ಕುರ್ಚಿಯಲ್ಲೇ ಸಾವು. ಪ್ರೇಮಕಥೆಯೆಂದು ಟಿಕೀಟು ಕೊಂಡು ಬಂದವರಿಗೆ ಸಮಾಧಾನದ ಒಂದು ಎಳೆಯೂ ಸಿಗುವುದಿಲ್ಲ. ಈ ಸೋಲಿನ ನಂತರ ಗುರುದತ್ ತಮ್ಮ ಹೆಸರಿನಲ್ಲಿ ಮತ್ತೊಂದು ಚಿತ್ರವನ್ನು ನಿರ್ದೇಶಿಸಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮೊಬೈಲಿನ ವಿಷಯ ಬೇರೆ. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಎಂದರೆ ತುಂಬ ಅಗಲವಾದ ಪರದೆಗೆಂದೇ ತೆಗೆದದ್ದು. ‘ವಕ್ತ್ ನೇ ಕಿಯಾ’ ಹಾಡಿಗಾಗಿ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿಯವರು ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ ಸ್ಟುಡಿಯೋದ ಕತ್ತಲೆಯೊಳಗೆ ಇಳಿಬಿಟ್ಟ ಬೆಳಕಿನ ಕೋಲು, ಮಾತಿಲ್ಲದೆ ದೂರ ದೂರ ನಿಂತ ಸುರೇಶ್ ಮತ್ತು ಶಾಂತಿಯರ ನಡುವಿನ ಖಾಲಿ ಜಾಗ, ಇವೆಲ್ಲ ಅಂಗೈಯಗಲದ ಪರದೆಯಲ್ಲಿ ಕಾಣಲಾರವು. ಧಾರವಾಡದ ಸಾಧನಕೇರಿಯಲ್ಲಿ ಗೆಳೆಯರೊಬ್ಬರ ಮನೆಯ ಸುಣ್ಣದ ಗೋಡೆಯ ಮೇಲೆ ಪ್ರೊಜೆಕ್ಟರ್ ಹಾಕಿ ನೋಡಿದಾಗಲೇ, ಆ ಖಾಲಿ ಜಾಗವೇ ಅವರ ಪ್ರೇಮದ ಕಥೆ ಎಂದು ನನಗೆ ಹೊಳೆಯಿತು. ಬದಿಗಳನ್ನು ಕತ್ತರಿಸದ ಪ್ರತಿಯನ್ನು ಹುಡುಕಿ, ಕೋಣೆಯನ್ನು ಕತ್ತಲೆ ಮಾಡಿಕೊಂಡು, ಆ ಹಾಡನ್ನಾದರೂ ದಯವಿಟ್ಟು ಇನ್ನೊಮ್ಮೆ ನೋಡಿರಿ.