ಎಕ್ಸ್‌ಪೋ: ಪೂರ್ಣರೂಪ ಯಾವುದು?

ದಾವಣಗೆರೆಯ ಓದುಗರೊಬ್ಬರ ಪತ್ರ: “ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಪೀಠೋಪಕರಣಗಳ ‘ಮೆಗಾ ಎಕ್ಸ್‌ಪೋ’ ನಡೆಯುತ್ತಿದೆ. ಎಕ್ಸ್‌ಪೋ ಅಂದರೆ ಎಕ್ಸ್‌ಪೋರ್ಟ್ ಎಂದು ಮಗನ ವಾದ, ಎಕ್ಸಿಬಿಷನ್ ಎಂದು ನನ್ನದು. ಯಾರದು ಸರಿ? ಸೋಫಾ ಮಾರುವವರಿಗೂ ಈ ಹೆಸರು ಸಲ್ಲುತ್ತದೆಯೇ?”

ಮಾನ್ಯರೆ, ಅರ್ಥದಲ್ಲಿ ನೀವು ಗೆದ್ದಿರಿ, ಮೂಲದಲ್ಲಿ ಇಬ್ಬರೂ ಸೋತಿರಿ. ಇದು ‘ಎಕ್ಸ್‌ಪೊಸಿಷನ್’ ಎಂಬುದರ ತುಂಡು. ಲ್ಯಾಟಿನ್ ಮೂಲದಲ್ಲಿ ಎಕ್ಸ್‌ಪೋರ್ಟ್ ಅಂದರೆ ಹೊರಗೆ ಸಾಗಿಸುವುದು, ಇದು ಹೊರಗೆ ಇಡುವುದು. ಇಂಗ್ಲಿಷ್ ನಿಘಂಟು ತೆರೆದರೆ ‘ವಿವರಣೆ, ವ್ಯಾಖ್ಯಾನ’ ಎಂಬ ಅರ್ಥವೂ ಸಿಕ್ಕಿ ಗಲಿಬಿಲಿಯಾದೀತು. ಫ್ರೆಂಚರಿಗಾದರೋ ಪ್ರದರ್ಶನ ಅನ್ನುವುದಕ್ಕೆ ದಿನಬಳಕೆಯ ಮಾತೇ ಅದು. 1798ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ಕೈಗಾರಿಕೆಗಳ ಸರಕನ್ನು ಜನರ ಮುಂದಿಟ್ಟಾಗ ಅವರು ಬಳಸಿದ್ದು ಇದೇ ಪದ. 1889ರಲ್ಲಿ ಐಫೆಲ್ ಗೋಪುರ ಎದ್ದದ್ದೂ ಅಂಥದೊಂದು ಪ್ರದರ್ಶನದ ಹೆಬ್ಬಾಗಿಲಾಗಿ.

ಬ್ರಿಟಿಷರು ಹಾಗೆನ್ನಲಿಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ನಡೆಸಿದ್ದು ‘ಗ್ರೇಟ್ ಎಕ್ಸಿಬಿಷನ್’. ಸುಮಾರು 60 ಲಕ್ಷ ಮಂದಿ ಅದನ್ನು ನೋಡಿದರು. ಅಮೆರಿಕನ್ನರ ಬಾಯಲ್ಲಿ ಇದೇ ‘ವರ್ಲ್ಡ್ಸ್ ಫೇರ್’. ಇಂಥ ಪ್ರದರ್ಶನಗಳಿಗೆ ಕಟ್ಟುಪಾಡು ಹಾಕುವ ಸಂಸ್ಥೆ 1928ರ ಒಪ್ಪಂದದಿಂದ ಹುಟ್ಟಿ ಪ್ಯಾರಿಸ್‌ನಲ್ಲೇ ನೆಲೆಯೂರಿತು. ಫ್ರೆಂಚ್ ಪದದ ಕೈ ಮೇಲಾದದ್ದರಲ್ಲಿ ಅದರ ಪಾಲೂ ಇದೆಯೆಂದು ನನ್ನ ಎಣಿಕೆ.

ಬಾಲ ಕತ್ತರಿಸಿದ ರೂಪ 1958ರ ಬ್ರಸೆಲ್ಸ್ ಪ್ರದರ್ಶನದ ಹೆಸರಿನಲ್ಲಿತ್ತು. ಅದನ್ನು ಮನೆಮಾತು ಮಾಡಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ 1967ರ ಪ್ರದರ್ಶನ. ಫ್ರೆಂಚ್, ಇಂಗ್ಲಿಷ್ ಎರಡೂ ಓಡಾಡುವ ಊರಿಗೆ ಎರಡಕ್ಕೂ ಹೊಂದುವ ಪುಟ್ಟ ಹೆಸರು ಹೇಳಿ ಮಾಡಿಸಿದಂತಿತ್ತು. ಮುಂದೆ ಆ ಊರಿನ ಬೇಸ್‌ಬಾಲ್ ತಂಡವೇ ‘ಎಕ್ಸ್‌ಪೋಸ್’ ಆಯಿತು! 1970ರಲ್ಲಿ ಒಸಾಕಾದ ಎಕ್ಸ್‌ಪೋಗೆ ಆರು ಕೋಟಿಗೂ ಹೆಚ್ಚು ಜನ ಬಂದರು. ಅಮೆರಿಕದ ಮಂಟಪದಲ್ಲಿಟ್ಟ ಚಂದ್ರನ ಕಲ್ಲು ನೋಡಲು ಗಂಟೆಗಟ್ಟಲೆ ಸಾಲು.

ಇನ್ನು ಸೋಫಾ. ಐದು ವರ್ಷಕ್ಕೊಮ್ಮೆ ಬರುವ, ಆರು ತಿಂಗಳವರೆಗೆ ನಡೆಯುವ ವಿಶ್ವ ಎಕ್ಸ್‌ಪೋಗೂ ನಿಮ್ಮ ಮಂಟಪಕ್ಕೂ ನಂಟಿಲ್ಲ, ಆದರೂ ಪದ ಬಳಸಿದ್ದು ತಪ್ಪೇನಲ್ಲ. ಫೋಟೋ, ಆಟೋಗಳಂತೆ ಇದೂ ಕನ್ನಡದ ನಾಲಿಗೆಗೆ ಒಗ್ಗಿದೆ. ನನಗೆ ಇಷ್ಟವಾಗುವುದು ‘ವಸ್ತುಪ್ರದರ್ಶನ’ವೇ. ಹಾಗೆಂದು ಹಟವಿಲ್ಲ: ದಸರೆಯಲ್ಲಿ ದೆಹಲಿ ಹಪ್ಪಳ ತಿನ್ನಲು ಹೊರಟ ಮೈಸೂರಿನವರೇ ‘ಎಕ್ಸಿಬಿಷನ್‌ಗೆ ಹೋಗ್ತಿದೀವಿ’ ಅನ್ನುತ್ತಾರೆ. ‘ಎಕ್ಸ್‌ಪೋ ಪ್ರದರ್ಶನ’ ಎಂದು ಕರಪತ್ರ ಅಚ್ಚು ಹಾಕಿಸುವವರ ಮೇಲೆ ಮಾತ್ರ ನನಗೆ ತಕರಾರಿದೆ.