ಗುಹೆಯ ನೆರಳು, ಹೊರಗಿನ ಬಿಸಿಲು

ಪ್ರಶ್ನೆ: ಗುಹೆಯೊಳಗೆ ನಿಂತು ಕಂಬಗಳ ಚಿತ್ರ ತೆಗೆದರೆ ಡಿಜಿಟಲ್‌ನಲ್ಲಿ ಹೊರಗಿನ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಫಿಲ್ಮ್‌ನಲ್ಲಿ ಹಾಗಾಗದು, ಕಲೆ ಏನಿದ್ದರೂ ಅದರಲ್ಲೇ ಎನ್ನುತ್ತಾರೆ. ನಿಜವೇ?
– ಓದುಗರು, ಬಾದಾಮಿ

ಉತ್ತರ: ಆಕಾಶದ ಮಾತು ಬಹುಮಟ್ಟಿಗೆ ನಿಜ, ಕಲೆ ಫಿಲ್ಮ್‌ನಲ್ಲೇ ಎಂಬುದು ಅಲ್ಲ. ಸೆನ್ಸರ್‌ನ ಒಂದೊಂದು ಪಿಕ್ಸೆಲ್ಲೂ ಕೊಡ ಇದ್ದಂತೆ. ತುಂಬಿದ ಮೇಲೆ ಬಿದ್ದ ಬೆಳಕೆಲ್ಲ ಚೆಲ್ಲಿಹೋಯಿತು. ನೆಗೆಟಿವ್ ಫಿಲ್ಮ್ ಬೆಳಕು ಹೆಚ್ಚಿದಷ್ಟೂ ನಿಧಾನಿಸುತ್ತದೆ. ಕಂಬದ ಅಂಚಿನ ಬಿಸಿಲು ಕಡಿದಂತಾಗದೆ ಕರಗಿದಂತೆ ಕಾಣುವುದು ಅದಕ್ಕೇ, ಅದು ನಿಜಕ್ಕೂ ಚೆಂದ. ಆದರೆ ನೆರಳಿನಲ್ಲಿ ಸೋಲುವುದು ಫಿಲ್ಮೇ: ಬೆಳಕು ಸಾಲದ ಕೆತ್ತನೆ ನೆಗೆಟಿವ್‌ನಲ್ಲಿ ಖಾಲಿ ಗಾಜಿನಂತೆ ಉಳಿಯುತ್ತದೆ, ಆಮೇಲೆ ಏನು ಮಾಡಿದರೂ ಬಾರದು.

ಹೀಗಾಗಿ ಅಳೆಯುವ ಜಾಗವೇ ಬೇರೆ. ಡಿಜಿಟಲ್‌ನಲ್ಲಿ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಂಡು, ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಅತಿ ಹೊಳೆಯುವ ಮೋಡ ಅಳೆದು, ಮೀಟರ್ ಹೇಳಿದ್ದಕ್ಕಿಂತ 2 ಸ್ಟಾಪ್ ಹೆಚ್ಚು ಕೊಡಿ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಎರಡರಷ್ಟು, ಕಡಿಮೆಯೆಂದರೆ ಅರ್ಧ); ಕತ್ತಲನ್ನು ಕಂಪ್ಯೂಟರಿನಲ್ಲಿ ಎತ್ತಬಹುದು. ನೆಗೆಟಿವ್‌ಗೆ ನೆರಳಿನ ಕೆತ್ತನೆ ಅಳೆದು 2 ಸ್ಟಾಪ್ ಕಡಿಮೆ ಕೊಡಿ.

ಕಲೆಯ ಮಾತು ಬರುವುದು ಕಪ್ಪು-ಬಿಳುಪಿನಲ್ಲಿ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಕಿತ್ತಳೆ ಫಿಲ್ಟರ್ ಹಾಕಿದರೆ ಕಲ್ಲು ಬೆಳಗುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ. ಖರ್ಚು ಸುಮಾರು 2 ಸ್ಟಾಪ್ ಬೆಳಕು. ಫಿಲ್ಮ್‌ನಲ್ಲಿ ಇದನ್ನು ಬಂಡೆಯ ಮುಂದೆ ನಿಂತೇ ತೀರ್ಮಾನಿಸಬೇಕು. ಡಿಜಿಟಲ್‌ನಲ್ಲಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೀಲಿಯ ಹೊಳಪು ಇಳಿಸಬಹುದು. ಅತಿಯಾದರೆ ಆಕಾಶ ಕಾಳುಕಾಳಾಗಿ, ಬಂಡೆಯಂಚಿಗೆ ಬಿಳಿ ಗೆರೆ ಏಳುತ್ತದೆ. ಬಿಸಿಲಿಗೆ ಮೈಯೊಡ್ಡಿದ ಬಂಡೆಗೆ ನಾವು ಫಿಲ್ಮನ್ನೇ ಹೇಳುತ್ತೇವೆ, ಗರ್ಭಗುಡಿಯ ಕತ್ತಲೆಗೆ ಹೇಳುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರೇ 30 ಡಿಗ್ರಿ. ಮನೆಯಲ್ಲಿ ಡೆವಲಪ್ ಮಾಡಿದ ಎಚ್‌ಪಿ5 (ಕಪ್ಪು-ಬಿಳುಪು ಫಿಲ್ಮ್) ರೋಲ್ ಪಟ್ಟೆಪಟ್ಟೆಯಾಗಿದೆ.
– ಓದುಗರು, ವಿಜಯಪುರ

ಉತ್ತರ: ಬಿಸಿಗೆ ಡೆವಲಪರ್ (ಫಿಲ್ಮ್‌ನಲ್ಲಿ ಚಿತ್ರ ಮೂಡಿಸುವ ದ್ರಾವಣ) ಚುರುಕಾಗುತ್ತದೆ. ಸಮಯ 5 ನಿಮಿಷಕ್ಕಿಂತ ಕೆಳಗಿಳಿದರೆ ಎಲ್ಲ ಕಡೆ ಸಮನಾಗಿ ಹಿಡಿಯುವುದಿಲ್ಲ. ಐಡಿ-11 ಎಂಬ ಡೆವಲಪರ್ ದ್ರಾವಣ 150 ಮಿಲೀ, ನೀರು 150 ಮಿಲೀ ಬೆರೆಸಿ, ಬಾಟಲಿಯನ್ನು ಐಸ್ ಟಬ್ಬಿನಲ್ಲಿಟ್ಟು 20 ಡಿಗ್ರಿಗೆ ತನ್ನಿ. ಒಟ್ಟು 13 ನಿಮಿಷ. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು 4 ಸಲ ಮಗುಚಿ. ಫಿಕ್ಸರ್ (ಚಿತ್ರ ಕೆಡದಂತೆ ನಿಲ್ಲಿಸುವ ದ್ರಾವಣ), ತೊಳೆಯುವ ನೀರು ಕೂಡ 20ರ ಆಸುಪಾಸಿನಲ್ಲೇ ಇರಲಿ. ದಿಢೀರನೆ 30ಕ್ಕೆ ಹೋದರೆ ಜಿಲೆಟಿನ್ ಪದರ ಬಿರುಕುಬಿಟ್ಟ ಎರೆಹೊಲದಂತಾಗಬಹುದು. ಬೋರ್‌ವೆಲ್ ನೀರು ಸುಣ್ಣದ ಚುಕ್ಕಿ ಬಿಡುತ್ತದೆ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೆಯಿರಿ.

ಪ್ರಶ್ನೆ: ಗೋಳಗುಮ್ಮಟದೊಳಗೆ ಮೀಟರ್ ಹೇಳಿದಂತೆ 10 ಸೆಕೆಂಡ್ ಕೊಟ್ಟರೂ ಎಚ್‌ಪಿ5 ನೆಗೆಟಿವ್ ತೆಳ್ಳಗೆ ಬಂತು.
– ಓದುಗರು, ಬೆಳಗಾವಿ

ಉತ್ತರ: ಮಂದ ಬೆಳಕಿನಲ್ಲಿ ಫಿಲ್ಮ್ ಸೋಮಾರಿಯಾಗುತ್ತದೆ. ಎಚ್‌ಪಿ5ಗೆ ಮೀಟರಿನ 10 ಸೆಕೆಂಡ್ ಎಂದರೆ 20 ಸೆಕೆಂಡ್. ಸೆನ್ಸರಿಗೆ ಈ ತಿದ್ದುಪಡಿ ಬೇಡ. ಎರಡಕ್ಕೂ ಟ್ರೈಪಾಡ್ ಬೇಕೇ ಬೇಕು, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಿ.