ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಾಯಿಹಡಗಿನ ಹಳೆಯ ಜಲವರ್ಣ ಚಿತ್ರ

ಪ್ರಶ್ನೆ: ಮೂರು ಕೂವೆಕಂಬಗಳ ವ್ಯಾಪಾರಿ ಹಡಗಿನ ಜಲವರ್ಣ ಚಿತ್ರವೊಂದು ನನ್ನಲ್ಲಿದೆ. ಅಡಿಯಲ್ಲಿ ಹಡಗಿನ ಹೆಸರು, ಕಪ್ತಾನನ ಹೆಸರು ಇವೆ, ಇಸವಿ ಇಲ್ಲ. ಕಾಲ ಗುರುತಿಸುವುದು ಹೇಗೆ?

ಉತ್ತರ: ಇಂಥ ಚಿತ್ರಗಳನ್ನು ಬಂದರಿನ ಕಲಾವಿದರಿಂದ ಬರೆಸುತ್ತಿದ್ದವರು ಹೆಚ್ಚಾಗಿ ಕಪ್ತಾನರು ಇಲ್ಲವೇ ಮಾಲೀಕರು. ಒಂದು ಹಗ್ಗ ತಪ್ಪು ಜಾಗದಲ್ಲಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಆದ್ದರಿಂದ ಅಲೆ, ಮೋಡಗಳನ್ನು ರೂಢಿಯಂತೆ ಬರೆದಿದ್ದರೂ ಹಾಯಿ, ಹಗ್ಗಗಳನ್ನು ಬಹುಮಟ್ಟಿಗೆ ನಂಬಬಹುದು. ಮೊದಲು ಹಿಂದಿನ ಕಂಬ ನೋಡಿ. ಅದರಲ್ಲೂ ಅಡ್ಡ ಮರಗಳಿಗೆ ಚೌಕ ಹಾಯಿ ಕಟ್ಟಿದ್ದರೆ ಅದು ‘ಶಿಪ್’. ಹಡಗಿನ ಉದ್ದಕ್ಕೆ ಚಾಚಿದ ಹಾಯಿ ಮಾತ್ರ ಇದ್ದರೆ ‘ಬಾರ್ಕ್’. ಆಮೇಲೆ ಮುಂದಿನ ಕಂಬದಲ್ಲಿ ಕೆಳಗಿನಿಂದ ಎರಡನೆಯ ಹಾಯಿ, ಅಂದರೆ ಟಾಪ್‌ಸೈಲ್. ಅದು ಮೇಲೊಂದು ಕೆಳಗೊಂದು ಎಂದು ಎರಡಾಗಿದ್ದರೆ ಚಿತ್ರ ಬಹುತೇಕ 1850ರ ದಶಕದ ಈಚಿನದು. ಕಡಿಮೆ ಆಳುಗಳಿಂದ ಹಾಯಿ ಸುತ್ತಲೆಂದು ಬಂದ ಏರ್ಪಾಡು ಅದು. ಒಂದೇ ದೊಡ್ಡ ಹಾಯಿ ಇದ್ದ ಮಾತ್ರಕ್ಕೆ ಚಿತ್ರ ಅದಕ್ಕಿಂತ ಹಳೆಯದು ಎನ್ನಲಾಗದು. ಹಳೆಯ ಹಡಗುಗಳು ಬಹುಕಾಲ ಹಾಗೆಯೇ ಓಡಾಡಿದವು.

ಬಾವುಟವೂ ನೆರವಾಗುತ್ತದೆ. ಬ್ರಿಟಿಷ್ ಕೆಂಪು ಬಾವುಟದ ಮೂಲೆಯಲ್ಲಿ ಕೆಂಪು ಓರೆ ಶಿಲುಬೆಯೂ ಇದ್ದರೆ 1801ರ ನಂತರದ್ದು. ಅಮೆರಿಕದ್ದಾದರೆ 1795ರಿಂದ 1818ರವರೆಗೆ 15 ಪಟ್ಟಿ, ಆಮೇಲೆ 13. ನಕ್ಷತ್ರ ಎಣಿಸಿ ಕಾಲ ಹೇಳಬೇಡಿ. ಉಗುರಿನಷ್ಟು ಜಾಗದಲ್ಲಿ ಕಲಾವಿದರು ಹಿಡಿಸಿದಷ್ಟು ಚುಕ್ಕೆ ಇಡುತ್ತಿದ್ದರು. ಸಂಕೇತ ಬಾವುಟಗಳ ಸಾಲಿದ್ದರೆ ಮ್ಯಾರಿಯಟ್ ಪದ್ಧತಿಗೂ (1817) ಬ್ರಿಟನ್ನಿನ ವಾಣಿಜ್ಯ ಸಂಕೇತ ಪದ್ಧತಿಗೂ (1857) ಹೋಲಿಸಿ. ಕೊನೆಗೆ ಹಡಗುಗಳ ವಿವರ ದಾಖಲಿಸುವ ಲಾಯ್ಡ್ಸ್ ರಿಜಿಸ್ಟರ್‌ನ ಹಳೆಯ ಸಂಪುಟಗಳನ್ನು ನೋಡಿ. ಒಂದೇ ಹೆಸರಿನ ಹಡಗುಗಳು ಹತ್ತಾರು ಸಿಗುತ್ತವೆ. ಕಪ್ತಾನನ ಹೆಸರು, ಕಂಬಗಳ ಸಜ್ಜು ಎರಡೂ ತಾಳೆಯಾದ ವರ್ಷಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಹಾಗಾಗಿ ಅಡಿಬರಹದ ಪಟ್ಟಿಯನ್ನು ಫ್ರೇಮಿನ ಅಳತೆಗೆಂದು ಯಾರೂ ಕತ್ತರಿಸದಂತೆ ನೋಡಿಕೊಳ್ಳಿ. ಚಿತ್ರದ ಅರ್ಧ ಜೀವ ಅಲ್ಲಿದೆ.

ಪ್ರಶ್ನೆ: ದೊಡ್ಡ ಹಡಗಿನ ಪಕ್ಕದಲ್ಲಿ, ದೂರದಲ್ಲಿ, ಅದೇ ಬಾವುಟಗಳ ಸಣ್ಣ ಹಡಗೊಂದು ಬೆನ್ನು ತೋರಿಸಿ ನಿಂತಿದೆ. ಅದು ಯಾವುದು?

ಉತ್ತರ: ಬಹುಶಃ ಅದೇ ಹಡಗು. ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ, ಎರಡೂ ನೋಟ ಒಂದೇ ಹಾಳೆಯಲ್ಲಿ ಕೊಡುವ ರೂಢಿ ಇತ್ತು.

ಪ್ರಶ್ನೆ: ಆಕಾಶ ಕೆಂಪು ಛಾಯೆಗೆ ತಿರುಗಿದೆ, ಕಂದು ಚುಕ್ಕೆಗಳೆದ್ದಿವೆ, ಅಲೆಗಳ ನೊರೆ ಕಪ್ಪಾಗಿದೆ. ತೊಳೆಸಬಹುದೇ?

ಉತ್ತರ: ನೀವಾಗಿ ತೊಳೆಯಬೇಡಿ. ಮೂರಕ್ಕೂ ಕಾರಣ ಬೇರೆ ಬೇರೆ. ಮೋಡದ ಬೂದು ಬಣ್ಣಕ್ಕೆ ನೀಲಿಯ ಜೊತೆ ಕೆಮ್ಮಣ್ಣಿನ ಬಣ್ಣ ಬೆರೆಸುತ್ತಿದ್ದರು. ಬೆಳಕಿಗೆ ಇಂಡಿಗೊ ನೀಲಿ ಮಾಸಿ ಹೋಯಿತು, ಕೆಂಪು ಉಳಿಯಿತು. ಅದು ಮರಳಿ ಬರುವುದಿಲ್ಲ. ಮೌಂಟಿನಡಿ (ಚಿತ್ರದ ಸುತ್ತಲಿನ ರಟ್ಟಿನ ಅಂಚುಕಟ್ಟಿನಡಿ) ಮುಚ್ಚಿಹೋದ ಅಂಚನ್ನು ನೋಡಿದರೆ ಮೂಲ ಬಣ್ಣ ತಿಳಿದೀತು. ಚುಕ್ಕೆಗಳಿಗೆ ತೇವ, ಬೂಸ್ಟು, ಕಾಗದದೊಳಗಿನ ಕಬ್ಬಿಣದ ಕಣ ಕಾರಣ. ನೊರೆ ಕಪ್ಪಾಗಲು ಸೀಸದ ಬಿಳಿ ಬಣ್ಣ ಗಾಳಿಯ ಗಂಧಕದ ಅನಿಲಕ್ಕೆ ಸಿಕ್ಕಿರುವುದು ಕಾರಣವಿರಬೇಕು. ಕಾಗದ ಸಂರಕ್ಷಣೆ ಬಲ್ಲವರು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಅದನ್ನು ಮತ್ತೆ ಬಿಳಿಯಾಗಿಸಬಲ್ಲರು. ಮನೆಯಲ್ಲಿ ನೀರು ತಾಗಿಸಿದರೆ ಹಡಗಿನ ಒಡಲಿನ ಗಾಢ ಬಣ್ಣ ಮೊದಲು ಕದಡುತ್ತದೆ, ಏಕೆಂದರೆ ಅಲ್ಲಿ ಅಂಟು ಹೆಚ್ಚು. ಅಡಿಬರಹದ ಶಾಯಿಯೂ ಹರಡುತ್ತದೆ.

ನೀವು ಮಾಡಬೇಕಾದ್ದು ಹಿಂದಿನ ಮರದ ಹಲಗೆಯನ್ನು ತೆಗೆಸುವುದು. ಅದರ ಆಮ್ಲ ಕಾಗದಕ್ಕೆ ಇಳಿದು, ಮರದ ಗೆರೆ, ಗಂಟುಗಳ ಅಚ್ಚು ಚಿತ್ರದ ಮೇಲೆ ಕಂದಾಗಿ ಮೂಡುತ್ತದೆ. ಬದಲಿಗೆ ಆಮ್ಲರಹಿತ ಹತ್ತಿಯ ಬೋರ್ಡ್ ಇರಲಿ. ಮೇಲಂಚಿನಲ್ಲಿ ಎರಡೇ ಕಡೆ, ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚಿ ತೂಗಬಿಡಿಸಿ. ನಾಲ್ಕೂ ಕಡೆ ಅಂಟಿಸಿದರೆ ಹವೆ ಬದಲಾದಾಗ ಕಾಗದ ಹಿಗ್ಗಲು ಜಾಗವಿಲ್ಲದೆ ಸುಕ್ಕಾಗುತ್ತದೆ. ಸೆಲ್ಲೋಟೇಪ್ ಬೇಡವೇ ಬೇಡ. ಗಾಜು ಚಿತ್ರಕ್ಕೆ ತಾಗಬಾರದು. ಬೆಳಕು ಸುಮಾರು 50 ಲಕ್ಸ್ ಸಾಕು, ತೇವಾಂಶ ಶೇ 50ರ ಆಸುಪಾಸು. ಶೇ 65 ದಾಟಿದರೆ ಬೂಸ್ಟು ಹಿಡಿಯುವ ಭಯ.

ಪ್ರಶ್ನೆ: ಅಚ್ಚಿನ ಪ್ರತಿಯೋ ಕೈಚಿತ್ರವೋ?

ಉತ್ತರ: 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಿಂದ ಹಗ್ಗದ ಗೆರೆಗಳನ್ನು ನೋಡಿ. ಕ್ರಮವಾದ ಚುಕ್ಕೆಗಳ ಜಾಲ ಕಂಡರೆ ಅಚ್ಚು. ಗೆರೆ ದಪ್ಪ, ತೆಳುವಾಗಿ ಸಾಗಿ ಅಡಿಯಲ್ಲಿ ಸೀಸದಕಡ್ಡಿಯ ಗುರುತು ಇಣುಕಿದರೆ ಕೈಚಿತ್ರವೆನ್ನಲು ಒಳ್ಳೆಯ ಆಧಾರ. ‘ರೂ’ (Roux) ಎಂಬ ಸಹಿ ಇದ್ದರೆ ಇನ್ನಷ್ಟು ಎಚ್ಚರ ಬೇಕು: ಫ್ರಾನ್ಸಿನ ಮಾರ್ಸೆ ಬಂದರಿನ ಕಲಾವಿದ ಆಂಟ್ವಾನ್ ರೂ (1765–1835) ಮಾತ್ರವಲ್ಲ, ಅವರ ಮೂವರು ಮಕ್ಕಳೂ ಹಡಗುಗಳನ್ನೇ ಬರೆದರು. ಸಹಿಯ ಮೊದಲಕ್ಷರವನ್ನೂ ಓದಿಕೊಂಡೇ ಮುಂದುವರಿಯಿರಿ.